ರಸಾಯನ ಪ್ರಸಂಗ

ಈ ಸಲದ ಸಂಚಿಕೆಗೆ ರಸಾಯನದ ಮೇಲೆ ಒಂದು ಲೇಖನ ಬರೆಯುತ್ತೇನೆಂದು ನಾನು ಹೇಳಿದಾಗ ನನ್ನ ಸಹಪಾಠಿಯೊಬ್ಬ ಬೆರಗಾಗಿ, “ನಮ್ಮದು ಕಲಾ ಕಾಲೇಜು ಮಾರಾಯ, ಇಲ್ಲಿ ರಸಾಯನ ಶಾಸ್ತ್ರದ ವಿಭಾಗವೇ ಇಲ್ಲವಲ್ಲ!” ಎಂದ. ಸಂಪಾದಕ ಮಂಡಲಿಯ ಉಪನ್ಯಾಸಕರು ಮಾತ್ರ ನಗದೆ, “ಯಾವ ರಸಾಯನ?” ಎಂದು ಕೇಳಿದರು. ಪ್ರಶ್ನೆ ಸಾಧುವಾದುದೇ. ಈ ಒಂದು ಶಬ್ದಕ್ಕೆ ನಮ್ಮಲ್ಲಿ ಮೂರು ಮನೆಗಳಿವೆ. ಆಯುರ್ವೇದದ ಎಂಟು ಅಂಗಗಳಲ್ಲಿ ಒಂದಕ್ಕೆ ರಸಾಯನವೆಂದೇ ಹೆಸರು. ಚರಕಸಂಹಿತೆಯ ಚಿಕಿತ್ಸಾಸ್ಥಾನ ಆರಂಭವಾಗುವುದೇ ಅದರಿಂದ. ಮುಪ್ಪನ್ನು ದೂರವಿಡುತ್ತೇನೆಂಬುದು ಅದರ ಭರವಸೆ. ಎರಡನೆಯದು, ವಿಜ್ಞಾನದ ವಿದ್ಯಾರ್ಥಿಗಳು ಪರೀಕ್ಷಾನಾಳಗಳಲ್ಲಿ ಹುಡುಕುವ ರಸಾಯನ. ಅದು ಓದುವವರ ಮುಪ್ಪನ್ನು ಹತ್ತಿರ ತರುತ್ತದೆಂದು ಕೇಳಿದ್ದೇನೆ. ಮೂರನೆಯದು ಬಾಳೆಹಣ್ಣಿನ ರಸಾಯನ. ನಾನು ಹೇಳಹೊರಟಿರುವುದು ಈ ಮೂರನೆಯದರ ಕಥೆ. ಆದರೆ ಕಥೆ ಮುಗಿಯುವ ಹೊತ್ತಿಗೆ ಎರಡನೆಯದೂ ಹೇಗೋ ಒಳಗೆ ಬಂದು ಕೂತಿದೆ. ಅದಕ್ಕೆ ನಾನು ಹೊಣೆಯಲ್ಲ.

ಬಾಳೆಹಣ್ಣಿನ ರಸಾಯನವನ್ನು ಅರಿಯದ ಕನ್ನಡಿಗರು ಕಡಿಮೆ. ಮೈಸೂರಿನ ಕಡೆ ಹಣ್ಣಿನ ಹೋಳಿಗೆ ಬೆಲ್ಲ, ಕಾಯಿತುರಿ, ಏಲಕ್ಕಿ ಬೆರೆಸಿ ರಾಮನವಮಿಯ ದಿನ ಪಾನಕ ಕೋಸಂಬರಿಗಳ ಪಕ್ಕದಲ್ಲಿ ಇಡುತ್ತಾರೆ. ಧಾರವಾಡದ ಕಡೆ ಹಣ್ಣನ್ನು ಹಾಲು ಸಕ್ಕರೆಯಲ್ಲಿ ಕಿವುಚಿ ಶೀಕರಣೆ ಎನ್ನುತ್ತಾರೆ. ನಂಜನಗೂಡಿನ ರಸಬಾಳೆಯಲ್ಲಿ ಮಾಡಿದರೆ ಅದರ ಪರಿಮಳವೇ ಬೇರೆಯೆಂದು ತಿಂದವರು ಹೇಳುತ್ತಾರೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆ ಹಣ್ಣು ಸೊರಗುರೋಗಕ್ಕೆ ಸಿಕ್ಕಿ ಅಪರೂಪವಾಗಿದೆ. ನಮ್ಮ ಮಲೆನಾಡಿನಲ್ಲಿ ಪುಟ್ಟಬಾಳೆಯ ಹಣ್ಣು, ಜೋನಿಬೆಲ್ಲ, ಕಾಯಿಹಾಲು ಇವು ಮೂರೇ ಮುಖ್ಯ. ಹಣ್ಣನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿ, ಬೆಲ್ಲ ಸುರಿದು, ಕಾಯಿಯ ಮೊದಲ ಹಾಲನ್ನು ಹಿಂಡಿ, ಎರಡು ಏಲಕ್ಕಿಯನ್ನು ಕುಟ್ಟಿ ಹಾಕಿ, ಹುರಿದ ಎಳ್ಳನ್ನು ಮೇಲೆ ಉದುರಿಸಿದರೆ ಮುಗಿಯಿತು. ಎಳ್ಳು ಹುರಿಯುವಷ್ಟು ಬೆಂಕಿ ಬಿಟ್ಟರೆ ಒಲೆಯ ಹಂಗಿಲ್ಲ. ಪಾಕ ಬರುವ ಭಯವಿಲ್ಲ, ತಳ ಹತ್ತುವ ಅಂಜಿಕೆಯಿಲ್ಲ. ತೆಳುದೋಸೆಯ ಜತೆಗೂ ಆಗುತ್ತದೆ, ಬರಿದೆ ಬಟ್ಟಲಲ್ಲಿ ಹಾಕಿ ಕೊಟ್ಟರೂ ಆಗುತ್ತದೆ.

ನನ್ನ ತಾಯಿಗೆ ಇದು ಆಪದ್ಬಾಂಧವನಾಗಿತ್ತು. ಮಟಮಟ ಮಧ್ಯಾಹ್ನದಲ್ಲಿ ಹೇಳದೆ ಕೇಳದೆ ನಾಲ್ಕು ಜನ ನೆಂಟರು ಅಂಗಳಕ್ಕೆ ಇಳಿದರೂ ಅವಳ ಮುಖದಲ್ಲಿ ಗಾಬರಿ ಕಂಡವರಿಲ್ಲ. “ಕೈಕಾಲು ತೊಳೆದುಕೊಂಡು ಒಂದು ಗಳಿಗೆ ಕೂತಿರಿ” ಎಂದು ಒಳಗೆ ಹೋದರೆ ಕಾಲು ಗಂಟೆಯಲ್ಲಿ ಬಟ್ಟಲುಗಳು ಹೊರಗೆ ಬರುತ್ತಿದ್ದವು. ಯಾರಾದರೂ ಹೊಗಳಿದರೆ, “ಇದೇನು ಮಹಾ, ಸುಲಭದ್ದು” ಎನ್ನುತ್ತಿದ್ದಳು. ಆ ‘ಸುಲಭ’ ಎಂಬ ಮಾತನ್ನು ನಾನು ಹತ್ತೊಂಬತ್ತು ವರ್ಷ ಅಕ್ಷರಶಃ ನಂಬಿದ್ದೆ.

ತಾಯಿ 2022ರ ಮಳೆಗಾಲದಲ್ಲಿ ತೀರಿಕೊಂಡಳು. ಆಗ ತಂಗಿ ಒಂಬತ್ತನೆಯ ತರಗತಿಯಲ್ಲಿದ್ದಳು. ನಾನು ಇನ್ನೂ ಪಿ.ಯು.ಸಿ.ಯಲ್ಲಿದ್ದು, ಮರುವರ್ಷ ಈ ಕಾಲೇಜಿಗೆ ಸೇರಿ ಊರು ಬಿಟ್ಟೆ. ತಂದೆ ಬೆಳಗಾದರೆ ತೋಟಕ್ಕೆ ಹೋಗುವವರು. ಮನೆ ಹೇಗೋ ನಡೆಯಿತು. ಈ ‘ಹೇಗೋ’ ಎಂಬುದರ ಅರ್ಥವನ್ನು ಆಗ ನಾನು ಕೇಳಿಕೊಳ್ಳಲಿಲ್ಲ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಊರಿಗೆ ಹೋದರೆ ಬಿಸಿ ಅನ್ನ ಇರುತ್ತಿತ್ತು, ಸಾರು ಇರುತ್ತಿತ್ತು, ಹಬ್ಬವಾದರೆ ರಸಾಯನವೂ ಇರುತ್ತಿತ್ತು. ನಾನು ಉಂಡು, ಮಲಗಿ ಎದ್ದು, ಹಿಂದಿರುಗುತ್ತಿದ್ದೆ. ಆ ವರ್ಷವೇ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ‘ಸ್ತ್ರೀಶಿಕ್ಷಣವೇ ಸಮಾಜದ ಬುನಾದಿ’ ಎಂಬ ವಿಷಯದ ಪರವಾಗಿ ಏಳು ನಿಮಿಷ ಮಾತನಾಡಿ ಒಂದು ಸ್ಟೀಲಿನ ಬಟ್ಟಲನ್ನು ಬಹುಮಾನವಾಗಿ ಪಡೆದೆನೆಂಬುದನ್ನು ಇಲ್ಲಿ ನಾಚಿಕೆಯಿಂದ ದಾಖಲಿಸುತ್ತೇನೆ.

2024ರ ಮಾರ್ಚಿ ಕೊನೆಯಲ್ಲಿ ತಂಗಿಯ ಎಸ್.ಎಸ್.ಎಲ್.ಸಿ. ಪರೀಕ್ಷೆಗಳು ಆರಂಭವಾಗಿ ಏಪ್ರಿಲ್ ಮೊದಲ ವಾರದಲ್ಲಿ ಮುಗಿದವು. ನಮ್ಮ ಊರಿನಲ್ಲಿ ಓದು ಅಲ್ಲಿಗೆ ನಿಲ್ಲುತ್ತದೆ. ಮುಂದಕ್ಕೆ ಓದಬೇಕಾದರೆ ಪೇಟೆಗೆ ಹೋಗಿ ವಿದ್ಯಾರ್ಥಿನಿಲಯದಲ್ಲಿ ಇರಬೇಕು. ಆ ವಿಚಾರ ಎತ್ತುವ ಮೊದಲೇ ಸೋದರತ್ತೆಯಿಂದ ತಂದೆಗೆ ಫೋನು ಬಂದಿತು. ಹುಡುಗಿ ಹತ್ತರ ತನಕ ಓದಿದ್ದು ಸಾಕಾಯಿತು. ಅವಳೂ ಹೊರಟುಹೋದರೆ ಒಲೆ ಹಚ್ಚುವವರು ಯಾರು? ಮನೆಯಲ್ಲೇ ಇದ್ದು ಖಾಸಗಿಯಾಗಿ ಪರೀಕ್ಷೆ ಕಟ್ಟಲಿ. ರಾಮನವಮಿಗೆ ತಾನು ಬಂದು ಎಲ್ಲ ಮಾತಾಡುತ್ತೇನೆ ಎಂಬುದು ಅದರ ಸಾರಾಂಶ. ತಂದೆ ಅದನ್ನು ನನಗೆ ತಿಳಿಸಿ, “ಅಕ್ಕಯ್ಯ ಹೇಳುವುದರಲ್ಲೂ ಅರ್ಥ ಇದೆ” ಎಂದರು. ಆ ಧ್ವನಿಯಲ್ಲಿ ಒಪ್ಪಿಗೆಗಿಂತ ದಣಿವು ಹೆಚ್ಚಾಗಿತ್ತು.

ನನ್ನೊಳಗಿನ ಚರ್ಚಾಪಟು ಎದ್ದು ನಿಂತ. ಒಲೆಯ ಪ್ರಶ್ನೆಗೆ ಒಲೆಯಲ್ಲೇ ಉತ್ತರ ಕೊಡಬೇಕೆಂದು ನಿರ್ಧರಿಸಿ ತಂಗಿಗೆ ಫೋನು ಮಾಡಿದೆ. “ಪರೀಕ್ಷೆ ಮುಗಿಯಿತಲ್ಲ, ಇನ್ನು ವಿಶ್ರಾಂತಿ ತೆಗೆದುಕೋ. ಈ ಸಲದ ಹಬ್ಬ ನನ್ನದು. ನೀನು ಯಾವುದನ್ನೂ ಮುಟ್ಟಕೂಡದು. ರಸಾಯನ ನಾನು ಮಾಡುತ್ತೇನೆ.” ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಯಾವುದನ್ನೂ ಮುಟ್ಟಬಾರದಾ?” ಎಂದಳು. “ಯಾವುದನ್ನೂ!” ಎಂದೆ. “ಆಯಿತು, ಅಣ್ಣ” ಎಂದಳು. ಹೇಗೂ ಸುಲಭದ್ದು, ಹಣ್ಣು ಹೆಚ್ಚಲು ಬಂದರೆ ಸಾಕು ಎಂಬ ಧೈರ್ಯ ನನ್ನದು.

ಆ ವರ್ಷ ರಾಮನವಮಿ ಬಿದ್ದದ್ದು ಏಪ್ರಿಲ್ 17ಕ್ಕೆ. ಹಿಂದಿನ ದಿನ ಸಂಜೆ ಊರಿಗೆ ತಲುಪಿ, ದೀಪ ಹಾಕಿ ಉಗ್ರಾಣದ ಕೋಣೆಯ ಬಾಗಿಲು ತೆರೆದೆ. ನನ್ನ ಬಾಲ್ಯದ ಆ ಕೋಣೆಯಲ್ಲಿ ಜಂತಿಯಿಂದ ಇಳಿಬಿಟ್ಟ ಹಗ್ಗದಲ್ಲಿ ಯಾವಾಗಲೂ ಒಂದು ಗೊನೆ ಇರುತ್ತಿತ್ತು. ಕೆಳಗಿನ ಚಿಪ್ಪು ಹಸಿರಾಗಿದ್ದರೆ ಮೇಲಿನ ಚಿಪ್ಪು ಅರಿಶಿನವಾಗಿರುತ್ತಿತ್ತು. ಈಗ ಹಗ್ಗ ಮಾತ್ರ ಇತ್ತು. ಜೋನಿಬೆಲ್ಲದ ಡಬ್ಬಿಯನ್ನು ನೀರು ತುಂಬಿದ ತಟ್ಟೆಯ ನಡುವೆ ಇಡುವುದು ನಮ್ಮ ಮನೆಯ ಪದ್ಧತಿ. ತಟ್ಟೆಯ ನೀರು ಒಣಗಿತ್ತು. ಇರುವೆಗಳ ಮೆರವಣಿಗೆ ಡಬ್ಬಿಯನ್ನು ಹತ್ತಿ ಇಳಿಯುತ್ತಿತ್ತು. ಮೂಲೆಯಲ್ಲಿ ತೆಂಗಿನಕಾಯಿಗಳು ರಾಶಿಯಾಗಿದ್ದವು, ಆದರೆ ಒಂದನ್ನುಳಿದು ಎಲ್ಲಕ್ಕೂ ಸಿಪ್ಪೆ ಇತ್ತು. ಏಲಕ್ಕಿಯ ಡಬ್ಬಿಯಲ್ಲಿ ಏಲಕ್ಕಿ ಇತ್ತು. ಅದಕ್ಕಾಗಿ ದೇವರಿಗೆ ನಮಸ್ಕಾರ ಹಾಕಿದೆ.

“ಗೊನೆ ಎಲ್ಲಿ?” ಎಂದು ತಂಗಿಯನ್ನು ಕೇಳಿದೆ.

“ತೋಟದಲ್ಲಿ.”

“ಕಡಿದಿಲ್ಲವಾ?”

“ಯಾವುದನ್ನೂ ಮುಟ್ಟಬೇಡ ಎಂದಿದ್ದೆಯಲ್ಲ, ಅಣ್ಣ.”

ಅವಳ ಮಾತಿನಲ್ಲಿ ಚುಚ್ಚು ಇರಲಿಲ್ಲ. ಹೇಳಿದಂತೆ ನಡೆದುಕೊಂಡಿದ್ದಳು, ಅಷ್ಟೆ. ಗೊನೆ ಕಡಿದು ತಂದು, ಒಣ ಬಾಳೆಯೆಲೆ ಸುತ್ತಿ ಬೆಚ್ಚಗೆ ಇಟ್ಟು, ಅದು ಹಣ್ಣಾಗುವುದಕ್ಕೆ ವಾರಕ್ಕೂ ಮೀರಿ ಬೇಕೆಂಬುದು ನನಗೆ ಆಗ ಹೊಳೆಯಿತು. ಕಾಲು ಗಂಟೆಯ ರಸಾಯನ ಹತ್ತು ದಿನ ಮೊದಲೇ ಆರಂಭವಾಗಿರಬೇಕಾಗಿತ್ತು!

ಆ ಹೊತ್ತಿಗೇ ಅಡಿಗೆಮನೆಯ ಬಾಗಿಲಿನ ಹಿಂದೆ ತೂಗುಹಾಕಿದ್ದ ಕ್ಯಾಲೆಂಡರು ಕಣ್ಣಿಗೆ ಬಿತ್ತು. ತಾಯಿಯ ಕಾಲದಲ್ಲಿ ಅದರಲ್ಲಿ ಹಾಲಿನ ಲೆಕ್ಕ ಮಾತ್ರ ಇರುತ್ತಿತ್ತು. ಹಾಳೆಗಳನ್ನು ಹಿಂದಕ್ಕೆ ಮಗುಚಿದೆ. ಪ್ರತಿ ತಿಂಗಳಲ್ಲೂ ತಂಗಿಯ ಸಣ್ಣ ಅಕ್ಷರದ ಪೆನ್ಸಿಲ್ ಬರಹ. ‘ಗೊನೆ ಕಡಿಯಲು ಅಪ್ಪಯ್ಯನಿಗೆ ಹೇಳುವುದು.’ ‘ಕಾಯಿ ನಾಲ್ಕು ಸುಲಿಸುವುದು.’ ‘ಬೆಲ್ಲದ ತಟ್ಟೆಗೆ ನೀರು.’ ‘ಅಣ್ಣ ಬರುವ ದಿನ – ಹಣ್ಣು ಇದೆಯಾ ನೋಡುವುದು.’ ಅವುಗಳ ಮಧ್ಯೆ ಮಧ್ಯೆ ‘ವಿಜ್ಞಾನ, ಮೂರನೆಯ ಪಾಠ’, ‘ಗಣಿತದ ಟೆಸ್ಟು.’ ಏಪ್ರಿಲಿನ ಹಾಳೆಯಲ್ಲಿ ಪರೀಕ್ಷೆ ಮುಗಿದ ದಿನದಿಂದ ಕೆಳಗೆ ಒಂದಕ್ಷರವೂ ಇರಲಿಲ್ಲ. ಅದು ನನ್ನ ಔದಾರ್ಯದ ಫಲ. ಎರಡು ವರ್ಷ ನಾನು ಬಸ್ಸಿಳಿದು ಬಂದು ಉಂಡ ‘ಹೇಗೋ’ ಎಂಬುದು ಆ ಬಾಗಿಲ ಹಿಂದೆ ತಾರೀಖಿನ ಸಮೇತ ಬರೆದಿಟ್ಟಿತ್ತು. ನಾನು ದೀಪವಾರಿಸಿ ಹೊರಗೆ ಬಂದೆ. ಯಾರೊಡನೆಯೂ ಏನೂ ಹೇಳಲಿಲ್ಲ.

ಮರುದಿನ ಬೆಳಗಾಗುತ್ತಲೇ ಸೈಕಲ್ ಹತ್ತಿ ಐದು ಕಿಲೋಮೀಟರು ದೂರದ ಅಂಗಡಿಗೆ ಹೋಗಿ ಎರಡು ಚಿಪ್ಪು ಹಣ್ಣು ತಂದೆ. ಸ್ವಂತ ತೋಟದಲ್ಲಿ ಬಾಳೆ ನಿಂತಿರುವಾಗ ಅಂಗಡಿಯ ಹಣ್ಣನ್ನು ಮನೆಗೆ ತಂದವರಲ್ಲಿ ನಮ್ಮ ವಂಶದಲ್ಲಿ ನಾನೇ ಮೊದಲಿಗನೋ ಏನೋ! ಸಿಪ್ಪೆ ಬಂಗಾರದಂತಿತ್ತು, ಸುಲಿದರೆ ಒಳಗೆ ಗಟ್ಟಿ, ಬಾಯಿಗಿಟ್ಟರೆ ಒಗರು. ಕಾರ್ಬೈಡಿನಿಂದ ಹಣ್ಣು ಮಾಡುವುದನ್ನು 2011ರ ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ. ಈ ಹಣ್ಣಿಗೆ ಯಾರು ಏನು ಮಾಡಿದ್ದರೋ ನಾನು ಹೇಳಲಾರೆ. ಬಣ್ಣಕ್ಕೂ ಮಾಗುವುದಕ್ಕೂ ಇರುವ ಅಂತರವನ್ನು ಮಾತ್ರ ಅಂದು ಚೆನ್ನಾಗಿ ಕಲಿತೆ. ಚರ್ಚಾಸ್ಪರ್ಧೆಯ ನನ್ನ ಭಾಷಣ ನೆನಪಾಯಿತು.

ಒಂದೇ ಒಂದು ಸುಲಿದ ಕಾಯಿಯನ್ನು ಒಡೆದು, ತುರಿದು, ಮಿಕ್ಸಿಯಲ್ಲಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದೆ. ತುರಿಯುವಾಗ ಬೆರಳೂ ಸ್ವಲ್ಪ ತುರಿಯಿತು. ಬೆಲ್ಲದಿಂದ ಇರುವೆಗಳನ್ನು ಬಿಡಿಸಿದೆ. ಇಷ್ಟರಲ್ಲಿ ನನಗೊಂದು ಬುದ್ಧಿವಂತಿಕೆ ತೋಚಿತು: ಹಾಲು ಬೆಲ್ಲ ಎರಡನ್ನೂ ಬಿಸಿ ಮಾಡಿ ಸುರಿದರೆ ಗಟ್ಟಿ ಹಣ್ಣು ಮೆತ್ತಗಾದೀತಲ್ಲ! ಒಲೆ ಬೇಡದ ತಿನಿಸನ್ನು ಒಲೆಗೆ ಏರಿಸಿದೆ. ಹಾಲು ಕುದಿಯಿತು. ಕುದಿದದ್ದೇ ತಡ, ಬಿಳಿಯ ಗಂಟುಗಳು ಒಂದು ಕಡೆ, ಎಣ್ಣೆ ಇನ್ನೊಂದು ಕಡೆ, ಕಂದು ನೀರು ಮತ್ತೊಂದು ಕಡೆಯಾಗಿ ಒಡೆದುಹೋಯಿತು. ಪಾತ್ರೆಯನ್ನು ನೋಡುತ್ತ ನಿಂತೆ. ಗಡಿಯಾರದಲ್ಲಿ ಒಂಬತ್ತೂವರೆ. ಅತ್ತೆಯ ಬಸ್ಸು ಹನ್ನೊಂದಕ್ಕೆ.

ತಂಗಿ ಹೊಸ್ತಿಲ ಆಚೆಗೇ ನಿಂತಿದ್ದಳು. ಒಳಗೆ ಬರಲಿಲ್ಲ. “ಅಣ್ಣ, ಹಣ್ಣನ್ನು ತೆಳುವಾಗಿ ಹೆಚ್ಚಿ ಬರೇ ಬೆಲ್ಲ ಹಾಕಿ ಮುಚ್ಚಿಡು. ಒಂದು ಗಂಟೆ ಬಿಟ್ಟರೆ ತಾನೇ ನೀರು ಬಿಟ್ಟುಕೊಳ್ಳುತ್ತದೆ. ಹಾಲು ಕೊನೆಗೆ ಹಾಕಿದರಾಯಿತು” ಎಂದಳು.

“ಹಾಲಿಗೆ ಕಾಯಿ ಎಲ್ಲಿದೆ?”

ಅಂಗಳದಲ್ಲಿ ಕತ್ತಿ ಮಸೆಯುತ್ತಿದ್ದ ತಂದೆಗೆ ಇದು ಕೇಳಿಸಿರಬೇಕು. ಏನೂ ಹೇಳದೆ ಎದ್ದು ಬಂದು ಉಗ್ರಾಣದಿಂದ ನಾಲ್ಕು ಕಾಯಿ ಎತ್ತಿಕೊಂಡು ಹೋಗಿ ಹಾರೆಯ ಮೊನೆಗೆ ಹಾಕಿ ಸುಲಿದರು. ತಂದು ಕೊಡುವಾಗ ಒಡೆದ ಹಾಲಿನ ಪಾತ್ರೆಯನ್ನು ನೋಡಿದರು, ಖಾಲಿ ಹಗ್ಗವನ್ನೂ ನೋಡಿದರು. “ಪ್ರತಿ ಸಲ ಹುಡುಗಿ ಬಂದು ಗೊನೆ ಕಡಿಯಿರಿ ಎನ್ನುತ್ತಿದ್ದಳು, ನಾನು ಕಡಿದುಕೊಟ್ಟು ಹೋಗುತ್ತಿದ್ದೆ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಯಾವಾಗ ಕಡಿಯಬೇಕೆಂದು ನಾನು ಯೋಚಿಸಿದ್ದೇ ಇಲ್ಲ. ಬೆಳೆಯುವವ ನಾನೇ” ಎಂದರು.

ಅತ್ತೆ ಬಂದರು. ಊಟಕ್ಕೆ ಕುಳಿತೆವು. ಅನ್ನ ಸ್ವಲ್ಪ ಮುದ್ದೆಯಾಗಿತ್ತು, ಕೋಸಂಬರಿ ಸರಿಯಾಗಿತ್ತು. ಕೊನೆಗೆ ರಸಾಯನವನ್ನು ಬಡಿಸಿದೆ. ಅತ್ತೆ ಒಂದು ಚಮಚ ಬಾಯಿಗೆ ಹಾಕಿ ಕಣ್ಣು ಮುಚ್ಚಿದರು.

“ಹಣ್ಣು ಮಾಗಿಲ್ಲ. ಏಲಕ್ಕಿ ಜಾಸ್ತಿ. ಯಾರು ಮಾಡಿದ್ದು?”

“ನಾನು, ಅತ್ತೆ.”

“ಒಂದು ದಿನ ಮಾಡಿದ್ದು ಸರಿ, ಮಾಣಿ. ನಾಳೆ ನೀನು ಬಸ್ಸು ಹತ್ತುತ್ತೀಯ. ಒಂದು ದಿನದ ಅಡಿಗೆ ಯಾರಿಗೆ ಬರುವುದಿಲ್ಲ? ದಿನವೂ ಆಗಬೇಕಲ್ಲ.”

ಏಳು ನಿಮಿಷದ ನನ್ನ ಭಾಷಣದಲ್ಲಿ ಈ ಮಾತಿಗೆ ಉತ್ತರವಿರಲಿಲ್ಲ. ಅತ್ತೆ ಹೇಳಿದ್ದು ನಿಜವೆಂದು ಹಿಂದಿನ ರಾತ್ರಿಯಷ್ಟೇ ಆ ಕ್ಯಾಲೆಂಡರು ನನಗೆ ಹೇಳಿತ್ತು. ನಾನು ತಲೆ ತಗ್ಗಿಸಿದೆ. ಆಗ ತಂದೆ ಬಟ್ಟಲಿನಿಂದ ಕಣ್ಣೆತ್ತದೆ ಕೇಳಿದರು:

“ಅಕ್ಕಯ್ಯ, ನಮ್ಮ ಅಮ್ಮ ಹೋದಾಗ ನೀನು ಎಷ್ಟನೆಯ ಕ್ಲಾಸು?”

ಅತ್ತೆ ಚಮಚ ಕೆಳಗಿಟ್ಟರು. “ಐದು.”

“ಶಾಲೆ ಬಿಡು ಎಂದು ನಿನಗೆ ಹೇಳಿದವರು ಯಾರು?”

“ಹೇಳುವುದೇನು? ನೀನು ಮೂರು ವರ್ಷದವ, ಅಪ್ಪಯ್ಯ ಗದ್ದೆಗೆ ಹೋಗಬೇಕು. ಯಾರೂ ಹೇಳಲಿಲ್ಲ.” ಸ್ವಲ್ಪ ತಡೆದು ಅವರೇ ಮತ್ತೆ, “ಯಾರೂ ಕೇಳಲೂ ಇಲ್ಲ” ಎಂದರು.

“ಹಾಗಾದರೆ ಇವಳನ್ನು ಕೇಳುವ” ಎಂದರು ತಂದೆ.

ಎಲ್ಲರೂ ತಂಗಿಯ ಕಡೆ ನೋಡಿದೆವು. ಅವಳು ಎಲೆಯ ಅಂಚನ್ನು ಮಡಿಸುತ್ತ, ತುಂಬ ಮೆಲ್ಲಗೆ, “ನಾನು ವಿಜ್ಞಾನ ತೆಗೆದುಕೊಳ್ಳಬೇಕು ಅಂತ ಇದ್ದೇನೆ, ಅಪ್ಪಯ್ಯ. ಕೆಮಿಸ್ಟ್ರಿ ಇಷ್ಟ” ಎಂದಳು.

ಎಷ್ಟೋ ಹೊತ್ತು ಯಾರೂ ಮಾತಾಡಲಿಲ್ಲ. ಅತ್ತೆ ಬಟ್ಟಲನ್ನು ಮುಂದಕ್ಕೆ ಚಾಚಿ, “ಇನ್ನೊಂದು ಸ್ವಲ್ಪ ಹಾಕು, ಮಾಣಿ” ಎಂದರು. ಬಡಿಸಿದೆ. ಅದನ್ನು ಪೂರ್ತಿ ಮುಗಿಸಿ ಕೈತೊಳೆದ ಮೇಲೆ ತಂದೆಗೆ, “ಮೂರು ದಿನ ಇದ್ದು ಹೋಗುತ್ತೇನೆ. ಸಾರು, ಪಲ್ಯ, ದೋಸೆ ಹಿಟ್ಟು, ಇಷ್ಟನ್ನಾದರೂ ನೀನು ಕಲಿ. ನಿನ್ನನ್ನು ಎತ್ತಿ ಆಡಿಸಿದವಳು ನಾನು, ಒಲೆ ಹಚ್ಚುವುದನ್ನು ಕಲಿಸದೆ ಬಿಟ್ಟದ್ದು ನನ್ನದೇ ತಪ್ಪು” ಎಂದರು. ಅತ್ತೆ ಸೋತರೆಂದು ನಾನು ಹೇಳುವುದಿಲ್ಲ. ಐದನೆಯ ತರಗತಿಯಲ್ಲಿ ನಿಂತುಹೋದ ಒಂದು ಹುಡುಗಿಯ ಮಾತನ್ನು ಆ ದಿನ ಅವರೇ ಎತ್ತಿ ಹಿಡಿದರೆಂದು ಮಾತ್ರ ಹೇಳಬಲ್ಲೆ.

ಜೂನಿನಲ್ಲಿ ತಂಗಿ ಪೇಟೆಗೆ ಹೋದಳು. ಮೊದಲ ತಿಂಗಳುಗಳು ಸುಲಭವಾಗಿರಲಿಲ್ಲ. ತಂದೆ ಒಂದು ವಾರವಿಡೀ ಬರೇ ಗಂಜಿ ಉಂಡದ್ದು ನಮಗೆ ತಿಳಿದದ್ದು ಬಹಳ ತಡವಾಗಿ. ನಾನು ಶನಿವಾರ ಶನಿವಾರ ಊರಿಗೆ ಹೋಗತೊಡಗಿದೆ. ಉಣ್ಣುವುದಕ್ಕಲ್ಲ, ವಾರದ ಅಡಿಗೆಗೆ ಬೇಕಾದುದನ್ನು ಅಣಿಮಾಡಿಡುವುದಕ್ಕೆ. ಕಾಯಿಹಾಲು ಏಕೆ ಒಡೆಯಿತೆಂಬುದನ್ನು ದಸರಾ ರಜೆಯಲ್ಲಿ ತಂಗಿಯೇ ವಿವರಿಸಿದಳು. ಅದರಲ್ಲಿ ಕೊಬ್ಬಿನ ಹನಿಗಳು ನೀರಿನೊಡನೆ ಬೆರೆತು ನಿಂತಿರುವುದು ಪ್ರೋಟೀನಿನ ಆಸರೆಯಿಂದ. ಕುದಿಗೆ ಆ ಪ್ರೋಟೀನು ಮುದ್ದೆಗಟ್ಟುತ್ತದೆ, ಆಸರೆ ತಪ್ಪುತ್ತದೆ, ಕೊಬ್ಬು ನೀರಿನಿಂದ ಬೇರೆಯಾಗುತ್ತದೆ. ಹೀಗೆ ಎರಡನೆಯ ರಸಾಯನವೂ ನನ್ನ ಲೇಖನಕ್ಕೆ ಬಂದು ಕೂತಿತು.

ನಮ್ಮ ಸಾಹಿತ್ಯ ಚರಿತ್ರೆಯ ಪಾಠದಲ್ಲಿ 16ನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಅಡಿಗೆಯ ಗ್ರಂಥವನ್ನು ಕನ್ನಡದಲ್ಲಿ ಬರೆದನೆಂದು ಓದುತ್ತೇವೆ. ಅದಕ್ಕೂ ಹಿಂದೆ, 12ನೆಯ ಶತಮಾನದಲ್ಲಿ, ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಭೋಜನದ ವಿಚಾರ ಹೇಳಿದ್ದಾನೆ. ಗಂಡಸರು ಅಡಿಗೆಯ ಬಗ್ಗೆ ಬರೆಯುವುದು ಹೊಸತಲ್ಲ. ಈ ಲೇಖನವೂ ಆ ಸಾಲಿನ ಕಟ್ಟಕಡೆಯದು. ಆದರೆ ಬೆಲ್ಲದ ತಟ್ಟೆಗೆ ನೀರು ಹಾಕಿದವರು ಯಾರೆಂಬುದನ್ನು ಯಾವ ಗ್ರಂಥವೂ ಹೇಳುವುದಿಲ್ಲ. ಆ ಒಂದು ಸಾಲನ್ನು ನಾನು ಪೆನ್ಸಿಲಿನಲ್ಲಿ ಬರೆದದ್ದನ್ನು ಕಂಡೆ.

ಆದುದರಿಂದ ಸಹಪಾಠಿಗಳಲ್ಲಿ ನನ್ನದೊಂದು ವಿನಂತಿ. ರಜೆಯಲ್ಲಿ ಮನೆಗೆ ಹೋದಾಗ ಯಾರಾದರೂ ಬಟ್ಟಲು ಮುಂದಿಟ್ಟು “ಇದೇನು ಮಹಾ, ಸುಲಭದ್ದು” ಎಂದರೆ ಒಮ್ಮೆ ಎದ್ದು ಉಗ್ರಾಣಕ್ಕೆ ಹೋಗಿ ಬನ್ನಿ. ಅಲ್ಲಿ ಹಗ್ಗದಲ್ಲಿ ಗೊನೆ ತೂಗುತ್ತಿದ್ದರೆ, ಅದನ್ನು ಯಾರು, ಯಾವ ದಿನ ನೆನಪಿಟ್ಟು ತೂಗುಹಾಕಿಸಿದರೆಂದು ಕೇಳಿರಿ.

ಇದನ್ನು ಬರೆದು ಮುಗಿಸುವ ಹೊತ್ತಿಗೆ ತಂದೆಯ ಫೋನು ಬಂದಿತು. ಬೆಳೆ, ಮಳೆ, ಅಡಿಕೆಯ ಧಾರಣೆ ಎಲ್ಲ ಆದ ಮೇಲೆ ಅವರೆಂದರು: “ಮೊನ್ನೆ ಗೊನೆ ಕಡಿದು ಕಟ್ಟಿದ್ದೇನೆ. ಕ್ಯಾಲೆಂಡರಿನಲ್ಲಿ ಬರೆದಿದ್ದೇನೆ. ಬರುವ ಶನಿವಾರಕ್ಕೆ ಹಣ್ಣಾಗುತ್ತದೆ. ತಂಗಿಗೂ ಹೇಳು, ಇಬ್ಬರೂ ಬನ್ನಿ.”